ಟೆಂಟ್ ಒಳಗೆ ಹಾಸೋಕೆ ಯಾವ ಮ್ಯಾಟ್? ಮೈಸೂರು–ಮಂಡ್ಯ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಮೈಸೂರಿನಲ್ಲಿ, ಊರು ಪಾಂಡವಪುರದ ಹತ್ತಿರ. ವರ್ಷಕ್ಕೆ ನಾಲ್ಕೈದು ಸಲ ಟೆಂಟ್ ಹೊತ್ತುಕೊಂಡು ಎಲ್ಲಿಗಾದರೂ ಹೊರಡುತ್ತೇನೆ. ಸ್ನೇಹಿತರು, ಆಫೀಸಿನವರು ಟೆಂಟ್ ಬಗ್ಗೆ ಅಷ್ಟೇನೂ ಕೇಳುವುದಿಲ್ಲ. ಕೇಳುವುದೆಲ್ಲ ಕೆಳಗೆ ಏನು ಹಾಸಿಕೊಳ್ಳಬೇಕು ಅಂತ. ಮೊದಲ ಸಲ ಹೋಗಿ ಬಂದವರಂತೂ ಸೊಂಟ ಹಿಡಿದುಕೊಂಡೇ ಫೋನ್ ಮಾಡುತ್ತಾರೆ. ಅದೇ ಉತ್ತರ ಎಷ್ಟು ಸಲ ಹೇಳೋದು ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ಮನೆಯಲ್ಲಿ ಚಾಪೆ, ಜಮಖಾನ, ಕಂಬಳಿ ಎಲ್ಲ ಇದೆಯಲ್ಲ. ಅದು ಸಾಲದಾ?

ಬೇಸಿಗೆಯಲ್ಲಿ, ನಿಮ್ಮದೇ ತೋಟದಲ್ಲಿ, ಒಂದೇ ರಾತ್ರಿಗಾದರೆ ಸಾಕು. ದುಡ್ಡು ಖರ್ಚು ಮಾಡಬೇಡಿ.

ಆದರೆ "ನಮ್ಮ ತಾತ ಕಂಬಳಿ ಒಂದರಲ್ಲೇ ಗದ್ದೆ ಕಾಯ್ತಿದ್ದರು" ಅನ್ನುವ ಮಾತಿನಲ್ಲಿ ಒಂದು ವಿಷಯ ಬಿಟ್ಟುಹೋಗಿರುತ್ತದೆ. ತಾತ ಬರೀ ನೆಲದ ಮೇಲೆ ಕಂಬಳಿ ಹಾಸುತ್ತಿರಲಿಲ್ಲ. ಕೆಳಗೆ ಭತ್ತದ ಹುಲ್ಲು ಒಂದು ಗೇಣು ಹರಡಿ, ಮೇಲೆ ಗೋಣಿತಾಟು ಹಾಕಿ, ಆಮೇಲೆ ಕಂಬಳಿ. ಮೆತ್ತಗಿದ್ದದ್ದೂ ಬೆಚ್ಚಗಿದ್ದದ್ದೂ ಆ ಹುಲ್ಲಿನಿಂದ. ಹುಲ್ಲಿನ ಎಳೆಗಳ ನಡುವೆ ಗಾಳಿ ಅಲುಗಾಡದೆ ನಿಂತಿರುತ್ತದೆ. ನಿಂತ ಗಾಳಿ ಮೈಯ ಬಿಸಿಯನ್ನು ನೆಲಕ್ಕೆ ಬಿಟ್ಟುಕೊಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಎಲ್ಲ ಮ್ಯಾಟ್‌ಗಳೂ ಮಾಡುವುದು ಇಷ್ಟೇ ಕೆಲಸ. ಏನಂದರೆ ಹುಲ್ಲಿನ ಹೊರೆಯನ್ನು ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತೋಕಾಗಲ್ಲ, ಮ್ಯಾಟ್ ಹೊರಬಹುದು.

ಎಷ್ಟು ಬಗೆಯ ಮ್ಯಾಟ್ ಇವೆ?

ಮುಖ್ಯವಾಗಿ ಮೂರು.

ಮೊದಲನೆಯದು ಫೋಮ್ ಮ್ಯಾಟ್. ಸುರುಳಿ ಸುತ್ತುವಂಥದ್ದು, ಇಲ್ಲವೇ ಕ್ಯಾಲೆಂಡರ್ ಹಾಳೆ ಮಡಚಿದಂತೆ ಹಿಂದೆ ಮುಂದೆ ಮಡಚುವಂಥದ್ದು. ಇದರ ಫೋಮ್ ಸ್ಪಂಜಿನಂತಲ್ಲ. ಗುಳ್ಳೆ ಗುಳ್ಳೆಯೂ ಬೇರೆ ಬೇರೆಯಾಗಿ ಮುಚ್ಚಿಕೊಂಡಿರುತ್ತದೆ, ನೀರು ಒಳಗೆ ಹೋಗುವುದಿಲ್ಲ. ಹವಾಯಿ ಚಪ್ಪಲಿ ಮಳೆಯಲ್ಲಿ ನೆನೆದರೂ ಒರೆಸಿದ ತಕ್ಷಣ ಒಣಗುತ್ತದಲ್ಲ, ಹಾಗೆ. ತೂಕ 350ರಿಂದ 450 ಗ್ರಾಂ. ದಪ್ಪ ಒಂದೂವರೆ, ಎರಡು ಸೆಂಟಿಮೀಟರ್ ಅಷ್ಟೆ. ಇದನ್ನು ಬ್ಯಾಗಿನ ಒಳಗೆ ತುರುಕೋಕಾಗಲ್ಲ, ಹೊರಗೆ ಕಟ್ಟಬೇಕು. ಆದರೆ ಇದು ಕೆಡುವುದೇ ಇಲ್ಲ. ಚಾಕು ತಾಗಿದರೂ, ನಾಯಿ ಒಂದು ಮೂಲೆ ಕಚ್ಚಿಕೊಂಡು ಹೋದರೂ ಮಿಕ್ಕಿದ್ದರ ಮೇಲೆ ಮಲಗಬಹುದು.

ಎರಡನೆಯದು ಗಾಳಿ ತುಂಬುವ ಮ್ಯಾಟ್. ಮಡಚಿದರೆ ಒಂದು ಲೀಟರ್ ನೀರಿನ ಬಾಟಲಿಯಷ್ಟಾಗುತ್ತದೆ, ಉಬ್ಬಿಸಿದರೆ ಐದಾರರಿಂದ ಹತ್ತು ಸೆಂಟಿಮೀಟರ್ ದಪ್ಪ. ಸೊಂಟಕ್ಕೆ ಸ್ವರ್ಗ. ತೂತಾದರೆ ಮಾತ್ರ ಬರೀ ಪ್ಲಾಸ್ಟಿಕ್ ಹಾಳೆ.

ಮೂರನೆಯದು ಸೆಲ್ಫ್ ಇನ್‌ಫ್ಲೇಟಿಂಗ್, ಅಂದರೆ ತಾನೇ ಉಬ್ಬುವುದು. ಒಳಗೆ ನಿಜವಾದ ಸ್ಪಂಜು, ಹೊರಗೆ ಗಾಳಿ ಸೋರದ ಬಟ್ಟೆ, ಮೂಲೆಯಲ್ಲಿ ವಾಲ್ವ್. ವಾಲ್ವ್ ತೆರೆದರೆ ಅದುಮಿದ್ದ ಸ್ಪಂಜು ಮೇಲೆದ್ದು ಗಾಳಿ ಎಳೆದುಕೊಳ್ಳುತ್ತದೆ. ಇದರ ಹುಟ್ಟಿನ ಕಥೆ ನನಗೆ ಇಷ್ಟ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ, ಹಿಂದೆ ಬೋಯಿಂಗ್‌ನಲ್ಲಿದ್ದ ಎಂಜಿನಿಯರ್ ಜಿಮ್ ಲೀ ಕೈತೋಟದ ಕೆಲಸ ಮಾಡುವಾಗ ಮಂಡಿ ಕೆಳಗೆ ಸ್ಪಂಜಿನ ದಿಂಬು ಇಟ್ಟುಕೊಂಡಿದ್ದರಂತೆ. ಮಂಡಿ ಊರಿದಾಗ ಗಾಳಿ ಹೊರಗೆ, ಎತ್ತಿದಾಗ ಒಳಗೆ. ಈ ಗಾಳಿಯನ್ನು ಹಿಡಿದಿಟ್ಟರೆ ಹೇಗೆ ಅನ್ನಿಸಿತು. ಅದೇ ಮುಂದೆ ಥರ್ಮ್-ಎ-ರೆಸ್ಟ್ ಅನ್ನುವ ಹೆಸರಿನ ಮ್ಯಾಟ್ ಆಯಿತು.

ತಾನೇ ಉಬ್ಬುತ್ತೆ ಅಂತಾರೆ, ನಿಜಾನಾ?

ಮುಕ್ಕಾಲು ಪಾಲು ನಿಜ. ವಾಲ್ವ್ ತೆರೆದಿಟ್ಟು ಅಡುಗೆ ಕಡೆ ಹೋಗಿ. ಅನ್ನ ಆಗುವಷ್ಟರಲ್ಲಿ ಸುಮಾರಾಗಿ ಉಬ್ಬಿರುತ್ತದೆ. ಕೊನೆಗೆ ನಾಲ್ಕೈದು ಸಲ ಬಾಯಲ್ಲಿ ಊದಲೇಬೇಕು. ಹೊಸ ಮ್ಯಾಟ್ ಬಹಳ ದಿನ ಸುತ್ತಿಟ್ಟಿದ್ದರೆ ಮೊದಲ ಸಲ ಸೋಮಾರಿತನ ಮಾಡುತ್ತದೆ. ಮನೆಯಲ್ಲೇ ಒಂದು ರಾತ್ರಿ ತೆರೆದಿಡಿ, ಸರಿಹೋಗುತ್ತದೆ.

ಸರಿ, ನಾನು ಯಾವುದು ಕೊಳ್ಳಲಿ? ಒಂದೇ ಮಾತಲ್ಲಿ ಹೇಳಿ.

ನಮ್ಮ ಕಡೆಗೆ, ಮೊದಲ ಮ್ಯಾಟ್ ಆಗಿ, ಮಡಚುವ ಫೋಮ್ ಮ್ಯಾಟ್.

ಒಂದೇ ಮಾತಲ್ಲಿ ಮುಗಿಯುವ ವಿಷಯ ಅಲ್ಲ ಇದು, ಆದರೂ ಕಾರಣ ಹೇಳುತ್ತೇನೆ. ಮ್ಯಾಟ್ ಬಗ್ಗೆ ಇರುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶದವರು ಬರೆದಿದ್ದು. ಅವರ ಚಿಂತೆ ಹಿಮ. ಕೆ.ಆರ್. ಪೇಟೆ, ನಾಗಮಂಗಲ, ಮೇಲುಕೋಟೆ, ಪಾಂಡವಪುರದ ಸುತ್ತ ನಮಗಿರುವುದು ಬಂಡೆ, ಗಟ್ಟಿ ನೆಲ, ಜಾಲಿ ಮುಳ್ಳು. ಚಳಿ ಇಲ್ಲಿ ನಿದ್ದೆ ಕೆಡಿಸುವುದು ಕಡಿಮೆ, ಮುಳ್ಳು ಕೆಡಿಸುವುದು ಜಾಸ್ತಿ. ಹಾಗಾಗಿ ಅವರು ಕೊನೆಗೆ ನೋಡುವುದನ್ನು ನಾವು ಮೊದಲು ನೋಡಬೇಕು: ತೂತಾಗುತ್ತಾ, ಇಲ್ಲವಾ?

ಮಗ್ಗುಲಾಗಿ ಮಲಗುವವರು, ನಲವತ್ತು ದಾಟಿದವರು, ಬೆನ್ನುನೋವು ಇರುವವರಿಗೆ ಫೋಮ್ ಒಂದೇ ಸಾಲುವುದಿಲ್ಲ. ಅವರು ಸೆಲ್ಫ್ ಇನ್‌ಫ್ಲೇಟಿಂಗ್‌ನಲ್ಲಿ ಕನಿಷ್ಠ 4–5 ಸೆಂಟಿಮೀಟರ್‌ನದು ನೋಡಲಿ. ಅಥವಾ ನಾನು ಈಗ ಮಾಡುವಂತೆ, ಕೆಳಗೆ ತೆಳು ಫೋಮ್, ಮೇಲೆ ಗಾಳಿ ಮ್ಯಾಟ್. ಫೋಮ್ ಮುಳ್ಳು ತಡೆಯುತ್ತದೆ, ಗಾಳಿ ಸೊಂಟ ಕಾಯುತ್ತದೆ. ಗಾಳಿ ಹೋದರೂ ನೆಲಕ್ಕಂತೂ ಬೀಳುವುದಿಲ್ಲ.

ಮುಳ್ಳಿಗೆ ಅಷ್ಟೊಂದು ಹೆದರಬೇಕಾ?

ಹೆದರಬೇಕು. ನಾನು ಹೆದರದೆ ಹೋಗಿ ಕಲಿತಿದ್ದೇನೆ.

ಮೊದಲ ಗಾಳಿ ಮ್ಯಾಟ್ ತಂದ ವಾರವೇ ಊರಿನ ತೋಟದಲ್ಲಿ ಟೆಂಟ್ ಹಾಕಿದೆ. ದೊಡ್ಡಪ್ಪ ಬಂದು ನೋಡಿ "ಅದೇನ್ಲಾ, ಬಲೂನ್ ಮ್ಯಾಲೆ ಮನಿಕತೀಯಾ?" ಅಂದರು. ನಾನು ದೊಡ್ಡ ಭಾಷಣವನ್ನೇ ಮಾಡಿದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಮೈಯೆಲ್ಲ ನೆಲದ ಮೇಲಿತ್ತು. ಜಾಲಿ ಮುಳ್ಳು, ಟೆಂಟಿನ ತಳವನ್ನೂ ದಾಟಿ ಬಂದಿತ್ತು. ಪಂಪ್‌ಸೆಟ್ ಮನೆಯಿಂದ ಗೋಣಿಚೀಲ ತಂದು ಹಾಸಿಕೊಂಡೆ. ಬೆಳಿಗ್ಗೆ ದೊಡ್ಡಪ್ಪ ಕಾಫಿ ತಂದುಕೊಟ್ಟರು, ಬಲೂನಿನ ಸುದ್ದಿ ಎತ್ತಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಆಮೇಲಿಂದ ಮಾಡುವುದಿಷ್ಟು. ಟೆಂಟ್ ಹಾಕುವ ಮೊದಲು ಜಾಗವನ್ನು ಸೊಪ್ಪಿನ ಗೊಂಚಲಿನಿಂದ ಗುಡಿಸುತ್ತೇನೆ. ಆಮೇಲೆ ಚಪ್ಪಲಿ ಹಾಕಿಕೊಂಡು ಇಡೀ ಜಾಗ ತುಳಿಯುತ್ತೇನೆ. ನೆಗ್ಗಿಲ ಮುಳ್ಳು ಇದ್ದರೆ ಚಪ್ಪಲಿಯ ತಳಕ್ಕೆ ಅಂಟಿಕೊಳ್ಳುತ್ತದೆ, ಗೊತ್ತಾಗುತ್ತದೆ. ಟೆಂಟಿನ ಕೆಳಗೆ ಟಾರ್ಪಾಲು, ಟೆಂಟಿನ ಒಳಗೆ ಫೋಮ್, ಅದರ ಮೇಲೆ ಗಾಳಿ ಮ್ಯಾಟ್. ಟಾರ್ಪಾಲು ಟೆಂಟಿನ ಅಂಚಿಗಿಂತ ಹೊರಗೆ ಚಾಚಬಾರದು. ಚಾಚಿದರೆ ಮಳೆ ನೀರು ಅದರ ಮೇಲೆ ಬಿದ್ದು ನೇರ ನಿಮ್ಮ ಕೆಳಗೇ ಬರುತ್ತದೆ.

ಕೊಳ್ಳುವಾಗ ಬಟ್ಟೆಯ ಡೀನಿಯರ್, ಅಂದರೆ ನೂಲು ಎಷ್ಟು ದಪ್ಪ ಅನ್ನುವ ಸಂಖ್ಯೆ ನೋಡಿ. 20 ಅಂದರೆ ತೆಳು ಮತ್ತು ಹಗುರ, 75 ಅಂದರೆ ದಪ್ಪ ಮತ್ತು ಭಾರ. ಬೆಟ್ಟ ಹತ್ತುವವರು 30–40 ನೋಡಬಹುದು. ಬೈಕು, ಕಾರಿನಲ್ಲಿ ಹೋಗುವವರು 75ಕ್ಕೇ ಹೋಗಲಿ, ಭಾರ ಹೊರುವುದು ಗಾಡಿ ತಾನೆ.

ಇನ್ನೊಂದು ಮಾತು, ಮ್ಯಾಟ್‌ಗೆ ಸಂಬಂಧ ಇಲ್ಲ. ತೆಂಗಿನ ಮರದ ಕೆಳಗೆ ಟೆಂಟ್ ಹಾಕಬೇಡಿ. ಯಾಕೆ ಅಂತ ಹೇಳಬೇಕಾ?

ಪಂಕ್ಚರ್ ಆದರೆ ಸೈಕಲ್ ಅಂಗಡಿಯಲ್ಲಿ ಹಾಕಿಸಬಹುದಾ?

ತೂತು ಹುಡುಕುವ ವಿಧಾನ ಸೈಕಲ್ ಟ್ಯೂಬಿನದೇ. ಮ್ಯಾಟನ್ನು ಗಟ್ಟಿಯಾಗಿ ಉಬ್ಬಿಸಿ, ಸ್ವಲ್ಪ ಸ್ವಲ್ಪವಾಗಿ ನೀರಿನ ತೊಟ್ಟಿಯಲ್ಲಿ ಅದುಮಿ, ಗುಳ್ಳೆ ಎಲ್ಲಿ ಬರುತ್ತದೆ ನೋಡಿ. ತೊಟ್ಟಿ ಇಲ್ಲದಿದ್ದರೆ ಸೋಪಿನ ನೊರೆ ಸವರಿ. ಸಿಕ್ಕ ಕೂಡಲೇ ಪೆನ್ನಿನಿಂದ ಗುರುತು ಹಾಕಿ. ಒಣಗಿದ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ.

ಅಂಟು ಮಾತ್ರ ಬೇರೆ. ಸೈಕಲ್ ಸೊಲ್ಯೂಷನ್ ರಬ್ಬರಿಗೆ ಮಾಡಿದ್ದು. ಒಳ್ಳೆಯ ಮ್ಯಾಟ್‌ಗಳು ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಗೆ ಟಿಪಿಯು ಅನ್ನುವ ಬಗ್ಗುವ ಪ್ಲಾಸ್ಟಿಕ್‌ನ ಲೇಪನ ಮಾಡಿದಂಥವು. ಇವುಗಳ ಮೇಲೆ ಅದು ಸರಿಯಾಗಿ ನಿಲ್ಲುವುದಿಲ್ಲ. ಮ್ಯಾಟ್ ಜೊತೆ ಬಂದ ತೇಪೆ ಬಳಸಿ. ಅಂಟಿಸುವ ಮೊದಲು ಆಲ್ಕೋಹಾಲ್ (ಗಾಯ ಒರೆಸುವ ಸ್ಪಿರಿಟ್) ಹಾಕಿ ಒರೆಸಿ, ಪೂರ್ತಿ ಒಣಗಲಿ. ಗಾಳಿ ಪೂರಾ ತೆಗೆದು ಅಂಟಿಸಿ, ಮೇಲೆ ಭಾರ ಇಟ್ಟು ಕೆಲವು ಗಂಟೆ ಬಿಡಿ. ಆತುರದವರ ತೇಪೆ ಮಾರನೇ ರಾತ್ರಿಯೇ ಕೈಕೊಡುತ್ತದೆ.

ಮ್ಯಾಟ್ ನಡುವೆ ಬೋಂಡಾ ತರ ಉಬ್ಬಿಕೊಂಡರೆ ಅದು ತೂತಲ್ಲ. ಒಳಗಿನ ಅಂಟು ಬಿಟ್ಟಿದೆ. ಅದಕ್ಕೆ ಮದ್ದಿಲ್ಲ, ವಾರಂಟಿ ಇದ್ದರೆ ಕೇಳಿ.

ಆರ್-ವ್ಯಾಲ್ಯೂ ಅಂತ ಬರೆದಿರುತ್ತಾರೆ. ಅದೇನು?

ಮೈಯ ಬಿಸಿ ನೆಲಕ್ಕೆ ಇಳಿಯದಂತೆ ಮ್ಯಾಟ್ ಎಷ್ಟು ತಡೆಯುತ್ತದೆ ಅನ್ನುವ ಸಂಖ್ಯೆ. ಜಾಸ್ತಿ ಇದ್ದಷ್ಟೂ ಬೆಚ್ಚಗೆ. ಮೊದಲೆಲ್ಲ ಒಬ್ಬೊಬ್ಬ ತಯಾರಕರದು ಒಂದೊಂದು ಲೆಕ್ಕ ಇತ್ತು. ಈಗ ಎಎಸ್‌ಟಿಎಂ ಎಫ್3340 ಅನ್ನುವ ಒಂದೇ ಪರೀಕ್ಷೆ ಇದೆ. ಅದರ ಪ್ರಕಾರ ಅಳೆದದ್ದು ಅಂತ ಬರೆದಿದ್ದರೆ ಎರಡು ಕಂಪನಿಗಳ ಮ್ಯಾಟ್ ಹೋಲಿಸಬಹುದು. ಬರೆದಿಲ್ಲದಿದ್ದರೆ ಆ ಸಂಖ್ಯೆಗೆ ಜಾಸ್ತಿ ಬೆಲೆ ಕೊಡಬೇಡಿ.

ಮೈಸೂರಿನಲ್ಲಿ ಡಿಸೆಂಬರ್–ಜನವರಿಯ ರಾತ್ರಿ ಸಾಮಾನ್ಯವಾಗಿ 15–16 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಇದಕ್ಕೆ ಆರ್-ವ್ಯಾಲ್ಯೂ 1 ಇದ್ದರೂ ನಡೆಯುತ್ತದೆ. ಇನ್ನು ಎತ್ತರ. ಪ್ರತಿ ಸಾವಿರ ಮೀಟರ್ ಮೇಲಕ್ಕೆ ಹೋದಾಗ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಮೈಸೂರು ಇರುವುದೇ ಸುಮಾರು 760 ಮೀಟರ್ ಎತ್ತರದಲ್ಲಿ. ಕೊಡಗಿನ ತಡಿಯಂಡಮೋಳ್ 1748 ಮೀಟರ್, ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1930 ಮೀಟರ್. ಲೆಕ್ಕ ಹಾಕಿದರೆ ಅಷ್ಟು ಎತ್ತರದಲ್ಲಿ ಚಳಿಗಾಲದ ರಾತ್ರಿ ಎಂಟು ಹತ್ತು ಡಿಗ್ರಿಗೆ ಬರಬಹುದು, ಮೇಲೆ ಗಾಳಿ ಬೇರೆ. ಅಂಥ ಕಡೆಗೆ 2 ಬೇಕು. ಒಳ್ಳೆಯ ಫೋಮ್ ಮ್ಯಾಟ್‌ನದು ಸುಮಾರು ಅಷ್ಟೇ ಇರುತ್ತದೆ. ಅಂದರೆ ಕರ್ನಾಟಕದ ಒಳಗೆ ಎಲ್ಲಿಗೆ ಹೋದರೂ ಅದು ಸಾಕು. 5, 6 ಅಂತ ಬರೆದಿರುವ ದುಬಾರಿ ಮ್ಯಾಟ್ ತಂದು ಶ್ರೀರಂಗಪಟ್ಟಣದ ತೋಟದಲ್ಲಿ ಮಲಗುವುದು ಸುಮ್ನೆ ಶೋಕಿ.

ಒಂದು ಎಚ್ಚರಿಕೆ ಇದೆ. ದಪ್ಪ ಇದ್ದ ಮಾತ್ರಕ್ಕೆ ಬೆಚ್ಚಗಿರುವುದಿಲ್ಲ. ಒಳಗೆ ಏನೂ ಇಲ್ಲದ ಬರೀ ಗಾಳಿ ಮ್ಯಾಟ್‌ನಲ್ಲಿ ಗಾಳಿ ಸುತ್ತಾಡುತ್ತದೆ. ಮೇಲಿನ ಬಿಸಿಯನ್ನು ಕೆಳಕ್ಕೆ ಒಯ್ದು ಬಿಟ್ಟುಬರುತ್ತದೆ. ಹತ್ತು ಸೆಂಟಿಮೀಟರ್ ದಪ್ಪದ ಈಜುಕೊಳದ ಮ್ಯಾಟ್ ಮೇಲೆ ನಡುಗಿದವರಿದ್ದಾರೆ. ಎರಡು ಸೆಂಟಿಮೀಟರ್ ಫೋಮ್ ಅದಕ್ಕಿಂತ ಬೆಚ್ಚಗೆ.

ಸ್ಲೀಪಿಂಗ್ ಬ್ಯಾಗ್ ಇದ್ದರೂ ಮ್ಯಾಟ್ ಬೇಕಾ?

ಬೇಕು. ಬ್ಯಾಗಿನ ಕೆಳಭಾಗ ನಿಮ್ಮ ಭಾರಕ್ಕೆ ಅಪ್ಪಚ್ಚಿ ಆಗಿರುತ್ತದೆ. ಅದರಲ್ಲಿದ್ದ ಗಾಳಿ ಹೋಗಿರುತ್ತದೆ. ಬೆನ್ನಿನ ಕಡೆ ಅದು ಬರೀ ಬಟ್ಟೆ.

ಹಿಮಾಲಯಕ್ಕೆ ಹೋಗುತ್ತಿದ್ದೇನೆ. ಇದೇ ಮ್ಯಾಟ್ ನಡೆಯುತ್ತಾ?

ಟ್ರೆಕ್ಕಿಂಗ್ ಆಯೋಜಿಸುವವರ ಜೊತೆ ಹೋದರೆ ಹೆಚ್ಚಿನವರು ಮ್ಯಾಟ್, ಸ್ಲೀಪಿಂಗ್ ಬ್ಯಾಗ್ ಅವರೇ ಕೊಡುತ್ತಾರೆ. ಮೊದಲೇ ಕೇಳಿ. ನೀವೇ ಹೊತ್ತು ಹೋಗುವುದಾದರೆ, ಹಿಮದ ಮೇಲೆ ಮಲಗಲು ಆರ್-ವ್ಯಾಲ್ಯೂ 5ರ ಹತ್ತಿರ ಬೇಕು. ಇಲ್ಲಿ ಒಂದು ಅನುಕೂಲ ಇದೆ: ಒಂದರ ಮೇಲೊಂದು ಹಾಕಿದರೆ ಸಂಖ್ಯೆಗಳನ್ನು ಕೂಡಬಹುದು. 2ರ ಫೋಮ್ ಮೇಲೆ 3ರ ಗಾಳಿ ಮ್ಯಾಟ್ ಹಾಕಿದರೆ 5. ನಿಮ್ಮ ಹಳೇ ಫೋಮ್ ಆಗಲೂ ಕೆಲಸಕ್ಕೆ ಬರುತ್ತದೆ.

ಯೋಗ ಮ್ಯಾಟ್?

ಮೈಸೂರಿನಲ್ಲಿ ಈ ಪ್ರಶ್ನೆ ಬರದೇ ಇರುತ್ತಾ! ಮನೆಗೊಂದು ಇದ್ದೇ ಇದೆ. ಆದರೆ ಅದು ಕಾಲು ಜಾರದಿರಲಿ ಅಂತ ಮಾಡಿದ್ದು. ಆರು ಮಿಲಿಮೀಟರ್ ದಪ್ಪ, ತೂಕ ನೋಡಿದರೆ ಒಂದು ಕೆಜಿ ಹತ್ತಿರ. ಫೋಮ್ ಮ್ಯಾಟ್‌ಗಿಂತ ಎರಡು ಪಟ್ಟು ಭಾರ, ಮೂರನೇ ಒಂದು ಪಾಲು ದಪ್ಪ. ಹೊತ್ತು ಹೋಗೋಕೆ ಬೇಡ. ಗಾಳಿ ಮ್ಯಾಟ್ ಕೆಳಗೆ ಮುಳ್ಳಿಗೆ ಅಡ್ಡವಾಗಿ ಹಾಸಲು ಮಾತ್ರ ಚೆನ್ನಾಗಿದೆ, ಕಾರಿನಲ್ಲಿ ಹೋಗುವವರಿಗೆ.

ಒಂದು ಕಡೆ ಬೆಳ್ಳಿ ಹಾಳೆ ಇರುವ ಅಗ್ಗದ ಮ್ಯಾಟ್ ಜಾಸ್ತಿ ಬೆಚ್ಚಗಾ?

ಹಾಳೆಗೆ ಮೈ ತಾಗಿಕೊಂಡಿದ್ದರೆ ಅದರಿಂದ ಆಗುವುದು ಅಷ್ಟಕ್ಕಷ್ಟೆ. ಬಿಸಿಯನ್ನು ವಾಪಸ್ ಕಳಿಸಲು ಹಾಳೆಗೂ ಮೈಗೂ ನಡುವೆ ಸ್ವಲ್ಪ ಸಂದು ಇರಬೇಕು. ಆ ಮ್ಯಾಟ್‌ಗಳು ಬಹಳ ತೆಳ್ಳಗೂ ಇರುತ್ತವೆ. ಬೆಳ್ಳಿ ನೋಡಿ ಮರುಳಾಗದೆ ದಪ್ಪ ನೋಡಿ.

ಎಷ್ಟು ದಪ್ಪ ಸಾಕು ಅಂತ ಅಂಗಡಿಯಲ್ಲೇ ಹೇಗೆ ತಿಳಿಯೋದು?

ಅಂಗಡಿಯಲ್ಲಿ ಮಲಗಿ. ನಾಚಿಕೆ ಬೇಡ. ಮೈಸೂರಿನ ಡೆಕಾತ್ಲಾನ್‌ನಂಥ ದೊಡ್ಡ ಕ್ರೀಡಾ ಅಂಗಡಿಯಲ್ಲಿ ಹಾಸಿ ನೋಡಬಹುದು. ಎರಡು ಪರೀಕ್ಷೆ ಮಾಡಿ. ಮಗ್ಗುಲಾಗಿ ಮಲಗಿ, ಸೊಂಟದ ಮೂಳೆ ನೆಲಕ್ಕೆ ತಾಗುತ್ತಾ ನೋಡಿ. ಆಮೇಲೆ ಮೊಣಕೈ ಊರಿ ಏಳಿ. ಏಳುವಾಗ ಭಾರವೆಲ್ಲ ಒಂದೇ ಕಡೆ ಬೀಳುತ್ತದೆ, ರಾತ್ರಿ ಮಗ್ಗುಲು ಬದಲಿಸುವಾಗಲೂ ಹೀಗೇ.

ಎರಡು ನಿಮಿಷ ಮಲಗಿದರೆ ಎಲ್ಲ ಮ್ಯಾಟೂ ಚೆನ್ನಾಗೇ ಇರುತ್ತವೆ, ಅದೂ ಗೊತ್ತಿರಲಿ. ಸರಿಯಾದ ಪರೀಕ್ಷೆ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಒಂದು ಇಡೀ ರಾತ್ರಿ. ವಾಪಸ್ ಮಾಡುವ ಅವಧಿ ಎಷ್ಟು ದಿನ ಅಂತ ಕೇಳಿಕೊಂಡು, ಬಿಲ್ ಜೋಪಾನ ಮಾಡಿ, ಅವತ್ತೇ ಮಲಗಿ ನೋಡಿ. ಬೆಳಿಗ್ಗೆ ಸೊಂಟವೇ ಹೇಳುತ್ತದೆ.

ಗಾಳಿ ಮ್ಯಾಟನ್ನು ಗಟ್ಟಿಯಾಗಿ ಊದಿ ಮಲಗುವುದು ಹೊಸಬರ ತಪ್ಪು. ಲಾರಿ ಟೈರ್ ಅಲ್ಲ ಅದು. ಮಲಗಿದ ಮೇಲೆ ವಾಲ್ವ್ ತೆರೆದು ಸ್ವಲ್ಪ ಸ್ವಲ್ಪ ಬಿಡಿ. ಸೊಂಟ ಇನ್ನೇನು ನೆಲ ತಾಗಬೇಕು ಅನ್ನುವಾಗ ನಿಲ್ಲಿಸಿ. ರಾತ್ರಿ ತಂಪಾದಾಗ ಒಳಗಿನ ಗಾಳಿ ಕುಗ್ಗಿ ಇನ್ನಷ್ಟು ಮೆತ್ತಗಾಗುತ್ತದೆ. ತೂತಾಯಿತು ಅಂತ ಗಾಬರಿ ಬೀಳಬೇಡಿ.

ಉದ್ದ, ಅಗಲ?

ಸಾಮಾನ್ಯ ಅಳತೆ 6 ಅಡಿ ಉದ್ದ, 20 ಇಂಚು ಅಗಲ. ಬೆನ್ನ ಮೇಲೆ ಮಲಗಿದರೆ ಕೈಗಳು ಹೊರಗೆ ಬೀಳುತ್ತವೆ. ಹೊರಳಾಡುವವರು 25 ಇಂಚಿನದು ತೆಗೆದುಕೊಳ್ಳಿ. ಇಬ್ಬರ ಮ್ಯಾಟ್ ಕೊಳ್ಳುವ ಮೊದಲು ಯೋಚಿಸಿ. ಒಬ್ಬರು ಹೊರಳಿದರೆ ಇನ್ನೊಬ್ಬರು ಎಗರುತ್ತಾರೆ. ಗಂಡ ಹೆಂಡತಿ ಆದರೂ ಎರಡು ಬೇರೆ ಮ್ಯಾಟ್ ಒಳ್ಳೆಯದು.

ಬೈಕಿನಲ್ಲಿ, ಬಸ್ಸಿನಲ್ಲಿ ಒಯ್ಯುವುದು ಹೇಗೆ?

ಫೋಮ್ ಮ್ಯಾಟನ್ನು ಬೈಕಿಗೆ ಅಡ್ಡಡ್ಡ ಕಟ್ಟಬೇಡಿ. ಎರಡೂ ಕಡೆ ಚಾಚಿಕೊಂಡು ಪಕ್ಕದ ಗಾಡಿಗೆ ತಗಲುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕುಗಳಿಗೆ ಪ್ರವೇಶ ಇಲ್ಲ. ಸರ್ವೀಸ್ ರಸ್ತೆಯಲ್ಲೇ ಹೋಗಬೇಕು, ಅಲ್ಲಿ ಕಬ್ಬಿನ ಟ್ರ್ಯಾಕ್ಟರ್, ಬಸ್ಸು, ಹಸು ಎಲ್ಲವೂ ಒತ್ತಿಕೊಂಡೇ ಬರುತ್ತವೆ. ಹಿಂದಿನ ಸೀಟಿನ ಮೇಲೆ ಉದ್ದಕ್ಕೆ ಕಟ್ಟಿ. ಬಸ್ಸಿಗೆ ಹತ್ತುವವರಿಗೆ ಬಾಟಲಿಯಷ್ಟಾಗುವ ಗಾಳಿ ಮ್ಯಾಟ್ ಅನುಕೂಲ. ಬ್ಯಾಗಿನ ಹೊರಗೆ ನೇತಾಡುವ ಫೋಮ್ ನಿಂತವರ ಮುಖಕ್ಕೆಲ್ಲ ಬಡಿಯುತ್ತದೆ, ಬೈಗುಳ ಖಂಡಿತ.

ಏಪ್ರಿಲ್‌ನಲ್ಲಿ ಮ್ಯಾಟ್ ಮೈಗೆ ಅಂಟಿಕೊಳ್ಳುತ್ತದೆ. ಏನು ಮಾಡಲಿ?

ಹಳೇ ಹತ್ತಿ ಪಂಚೆ ಹಾಸಿ. ಅಮ್ಮನ ಹಳೇ ಕಾಟನ್ ಸೀರೆ ಇನ್ನೂ ಚೆನ್ನ, ಎರಡು ಮಡಿಕೆ ಮಾಡಿ ಮ್ಯಾಟ್ ಸುತ್ತ ಸಿಕ್ಕಿಸಿದರೆ ಜಾರುವುದೂ ಇಲ್ಲ, ಕರಕರ ಸದ್ದೂ ಕಡಿಮೆ. ಒಳಗೆ ಬೆಳ್ಳಿ ಪದರ ಇರುವ ಕೆಲವು ಗಾಳಿ ಮ್ಯಾಟ್‌ಗಳು ಹೊರಳಿದಾಗೆಲ್ಲ ಚಿಪ್ಸ್ ಪ್ಯಾಕೆಟ್ ತೆರೆದಂತೆ ಸದ್ದು ಮಾಡುತ್ತವೆ. ಪಕ್ಕದ ಟೆಂಟಿನವರಿಗೂ ಕೇಳಿಸುತ್ತದೆ.

ಅಪ್ಪ ಅಮ್ಮ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುತ್ತಾರೆ. ಅವರಿಗೆ ಯಾವುದು?

ಕ್ಯಾಂಪಿಂಗ್ ಅಲ್ಲದಿದ್ದರೂ ನನ್ನನ್ನು ಕೇಳುವವರಲ್ಲಿ ಇವರೇ ಜಾಸ್ತಿ. ಪಾದಯಾತ್ರೆಯವರು ಮಲಗುವುದು ಛತ್ರದ ಹಜಾರ, ಶಾಲೆಯ ಜಗಲಿ, ರಸ್ತೆ ಬದಿಯ ಶಾಮಿಯಾನದಲ್ಲಿ. ಅಲ್ಲಿ ಗಾಳಿ ಊದುತ್ತಾ ಕೂರೋಕಾಗಲ್ಲ. ಮಡಚುವ ಫೋಮ್ ಕೊಡಿಸಿ. ಹಾಸಿದ ತಕ್ಷಣ ಮಲಗಬಹುದು, ನಡುವೆ ನೆರಳಿನಲ್ಲಿ ಕೂರಲು ಎರಡು ಮಡಿಕೆ ಹಾಕಿದರೆ ಮಣೆ ಆಗುತ್ತದೆ. ಉದ್ದ ಜಾಸ್ತಿ ಅನ್ನಿಸಿದರೆ ಕತ್ತರಿಸಿ. ಭುಜದಿಂದ ಸೊಂಟ ದಾಟುವವರೆಗೆ ಮ್ಯಾಟ್ ಇದ್ದರೆ ಸಾಕು, ಕಾಲಿನ ಕೆಳಗೆ ಬ್ಯಾಗ್ ಇಡಬಹುದು. ಮಂಡಿನೋವಿನವರಿಗೆ ನೆಲಮಟ್ಟದಿಂದ ಏಳುವುದೇ ಕಷ್ಟ, ಗೋಡೆ ಪಕ್ಕದ ಜಾಗ ಹಿಡಿಯಲು ಹೇಳಿ.

ಮನೆಗೆ ಬಂದ ಮೇಲೆ ಹೇಗೆ ಇಡೋದು?

ಸೆಲ್ಫ್ ಇನ್‌ಫ್ಲೇಟಿಂಗ್ ಆದರೆ ಸುತ್ತಿ ಇಡಬೇಡಿ. ಮಂಚದ ಕೆಳಗೆ ಹಾಸಿ, ವಾಲ್ವ್ ತೆರೆದಿಡಿ. ಸುತ್ತಿಟ್ಟರೆ ಸ್ಪಂಜು ಮೇಲೇಳುವುದನ್ನೇ ಮರೆಯುತ್ತದೆ. ಬಾಯಲ್ಲಿ ಊದಿದ್ದರೆ ಉಸಿರಿನ ತೇವ ಒಳಗೆ ಉಳಿದು ಬೂಷ್ಟು ಹಿಡಿಯಬಹುದು, ಅದಕ್ಕೇ ಊದುವ ಚೀಲ ಅಥವಾ ಪುಟ್ಟ ಪಂಪ್ ಬಳಸುವುದು. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಉಬ್ಬಿಸಿದ ಮ್ಯಾಟ್ ಬಿಡಬೇಡಿ, ಗಾಳಿ ಹಿಗ್ಗಿ ಹೊಲಿಗೆಯಂಥ ಜೋಡಣೆಗಳು ಬಿಟ್ಟುಕೊಳ್ಳುತ್ತವೆ. ಫೋಮ್‌ಗೆ ಏನೂ ಬೇಡ, ಬಾಗಿಲ ಹಿಂದೆ ನಿಲ್ಲಿಸಿ. ಇಲಿ ಇದ್ದರೆ ಮಾತ್ರ ಮೇಲೆ ನೇತುಹಾಕಿ.

ಟೆಂಟ್ ಎಲ್ಲಿ ಬೇಕಾದರೂ ಹಾಕಬಹುದಾ?

ಇಲ್ಲ. ಬಂಡೀಪುರ, ನಾಗರಹೊಳೆಯಂಥ ಕಾಡಿನಲ್ಲಿ ನಿಮ್ಮಷ್ಟಕ್ಕೆ ಟೆಂಟ್ ಹಾಕುವಂತಿಲ್ಲ. ಮೀಸಲು ಅರಣ್ಯ ಎಲ್ಲೇ ಇರಲಿ, ಅರಣ್ಯ ಇಲಾಖೆಯ ಅನುಮತಿ ಬೇಕು. ಮೊದಲ ಸಲಕ್ಕೆ ನೆಂಟರ ತೋಟವೇ ಒಳ್ಳೆಯದು. ಅಲ್ಲಿ ನಡುರಾತ್ರಿ ಗಾಳಿ ಹೋದರೂ ಎದ್ದು ಮನೆಯೊಳಗೆ ಹೋಗಬಹುದು.

ದಿಂಬು ಬೇರೆ ಕೊಳ್ಳಬೇಕಾ?

ಬೇಡ. ನಾಳೆ ಹಾಕಿಕೊಳ್ಳುವ ಬಟ್ಟೆಗಳನ್ನು ಟವೆಲ್‌ನಲ್ಲಿ ಸುತ್ತಿ ತಲೆಯಡಿ ಇಡಿ. ಜೀನ್ಸ್ ಇದ್ದರೆ ಗುಂಡಿ ಕೆಳಗೆ ಬರುವಂತೆ ಮಡಚಿ.